ವ್ಯಾಯಾಮದ ನಂತರದ ಊಟ: ಗಡಿಯಾರ ಎರಡು, ಅವಸರ ಒಂದಕ್ಕೆ ಮಾತ್ರ

ಕೊನೆಯ ಸೆಟ್ ಮುಗಿದು ಬೆವರು ಆರುವ ಮೊದಲೇ ಶೇಕರ್ ಕುಲುಕುವ ಸದ್ದು ಜಿಮ್‌ಗಳಲ್ಲಿ ಈಗ ಮಾಮೂಲು. ಅರ್ಧ ಗಂಟೆಯೊಳಗೆ ಪ್ರೋಟೀನ್ ಹೊಟ್ಟೆಗೆ ಬೀಳದಿದ್ದರೆ ಎತ್ತಿದ ಭಾರವೆಲ್ಲ ನೀರುಪಾಲು ಎಂಬ ಭಯ ಇದರ ಹಿಂದಿದೆ. ಅತ್ತ ಇನ್ನೊಂದು ಗುಂಪು ಅನ್ನ, ಬ್ರೆಡ್ಡು ಕಂಡರೆ ಬೆಚ್ಚುತ್ತದೆ. ವ್ಯಾಯಾಮದ ನಂತರ ಬರೀ ಪ್ರೋಟೀನ್ ಸಾಕು, ಕಾರ್ಬೋಹೈಡ್ರೇಟ್ ತಿಂದರೆ ಕರಗಿದ ಕೊಬ್ಬು ಮರಳಿ ಬರುತ್ತದೆ ಎಂಬುದು ಅವರ ವಾದ. ಎರಡೂ ಕಡೆಯವರು ತಪ್ಪುವುದು ಒಂದೇ ಜಾಗದಲ್ಲಿ. ‘ಚೇತರಿಕೆ’ ಎಂದು ನಾವು ಒಂದು ಪದದಲ್ಲಿ ಮುಗಿಸುವ ಸಂಗತಿಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಖರ್ಚಾದ ಇಂಧನವನ್ನು ಮತ್ತೆ ತುಂಬುವುದು. ಇನ್ನೊಂದು, ಪೆಟ್ಟು ತಿಂದ ಸ್ನಾಯುವಿನ ಎಳೆಗಳನ್ನು ದುರಸ್ತಿ ಮಾಡಿ ಹೊಸದನ್ನು ಕಟ್ಟುವುದು. ಮೊದಲನೆಯದಕ್ಕೆ ಕಾರ್ಬೋಹೈಡ್ರೇಟ್ ಬೇಕು, ಎರಡನೆಯದಕ್ಕೆ ಪ್ರೋಟೀನ್. ಇವೆರಡೂ ಬೇರೆ ಬೇರೆ ಗಡಿಯಾರ ನೋಡಿಕೊಂಡು ಓಡುತ್ತವೆ. ಹಾಗಾಗಿ ‘ಏನು ತಿನ್ನಲಿ’ ಎಂದು ಕೇಳುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯಿದೆ: ಇದೇ ಸ್ನಾಯುವಿಗೆ ಮತ್ತೆ ಕೆಲಸ ಬೀಳುವುದು ಯಾವಾಗ?

ಇಂಧನದ ಲೆಕ್ಕ

ನಾವು ತಿಂದ ಕಾರ್ಬೋಹೈಡ್ರೇಟಿನ ಒಂದು ಪಾಲು ಗ್ಲೈಕೋಜನ್ ಆಗಿ ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಕೂಡಿಬೀಳುತ್ತದೆ. ವಯಸ್ಕರ ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂ. ಯಕೃತ್ತಿನ ದಾಸ್ತಾನು ರಕ್ತದ ಸಕ್ಕರೆಯನ್ನು ಕಾಯುತ್ತದೆ. ಸ್ನಾಯುವಿನದು ಹಾಗಲ್ಲ, ಅದು ಇರುವ ಸ್ನಾಯುವಿಗಷ್ಟೇ ಮೀಸಲು. ತೋಳಿನಲ್ಲಿ ಉಳಿದದ್ದನ್ನು ಕಾಲು ಸಾಲ ಪಡೆಯಲಾಗದು.

ಬರಿದಾದ ಸ್ನಾಯು ಎಷ್ಟು ಹಸಿದಿರುತ್ತದೆ ಎಂದು ಮೊದಲು ತೋರಿಸಿಕೊಟ್ಟವರು ಸ್ವೀಡನ್ನಿನ ಯೋನಾಸ್ ಬೆರ್ಗ್‌ಸ್ಟ್ರಾಮ್ ಮತ್ತು ಎರಿಕ್ ಹುಲ್ಟ್‌ಮನ್. 1966ರಲ್ಲಿ ಪ್ರಕಟವಾದ ಅವರ ಪ್ರಯೋಗಕ್ಕೆ ಅವರು ತಮ್ಮನ್ನೇ ಒಡ್ಡಿಕೊಂಡಿದ್ದರು. ಒಂದೇ ಕಾಲಿನಲ್ಲಿ ಸೈಕಲ್ ತುಳಿದು ಆ ಕಾಲನ್ನು ಪೂರ್ತಿ ದಣಿಸಿದರು, ಇನ್ನೊಂದಕ್ಕೆ ವಿಶ್ರಾಂತಿ. ಆಮೇಲೆ ಮೂರು ದಿನ ಕಾರ್ಬೋಹೈಡ್ರೇಟ್ ಹೇರಳವಾಗಿರುವ ಊಟ ಮಾಡುತ್ತ, ತೊಡೆಯಿಂದ ಸೂಜಿಯಲ್ಲಿ ಸ್ನಾಯುವಿನ ಚೂರು ತೆಗೆದು ಅಳೆದರು. ದಣಿದ ಕಾಲಿನ ಗ್ಲೈಕೋಜನ್ ಮೊದಲಿದ್ದ ಮಟ್ಟಕ್ಕೆ ಬಂದು ನಿಲ್ಲಲಿಲ್ಲ, ವಿಶ್ರಾಂತಿಯ ಕಾಲಿನದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟಿಗೆ ಏರಿತು. ರಕ್ತ ಒಂದೇ, ಹಾರ್ಮೋನು ಒಂದೇ, ಊಟವೂ ಒಂದೇ. ಅಂದಮೇಲೆ ಹಸಿವು ಹುಟ್ಟಿದ್ದು ಕೆಲಸ ಮಾಡಿದ ಸ್ನಾಯುವಿನ ಒಳಗೇ.

ಆ ಹಸಿವಿನ ಕಾರಣ ಈಗ ಸ್ಪಷ್ಟ. ಗ್ಲೂಕೋಸನ್ನು ಜೀವಕೋಶದೊಳಕ್ಕೆ ದಾಟಿಸುವ ಗ್ಲುಟ್-4 ಎಂಬ ವಾಹಕಗಳು ಸ್ನಾಯು ಸಂಕುಚಿಸಿದಾಗ ಇನ್ಸುಲಿನ್‌ನ ಅಪ್ಪಣೆಗೆ ಕಾಯದೆ ಕೋಶದ ಹೊರಪದರಕ್ಕೆ ಬಂದು ನಿಲ್ಲುತ್ತವೆ. ವ್ಯಾಯಾಮ ನಿಂತ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆಯಷ್ಟು ಹೊತ್ತು ಈ ಬಾಗಿಲು ಅಗಲವಾಗಿ ತೆರೆದಿರುತ್ತದೆ. ಜೊತೆಗೆ, ಗ್ಲೈಕೋಜನ್ ಕಟ್ಟುವ ಕಿಣ್ವ ದಾಸ್ತಾನು ಕಡಿಮೆಯಾದಷ್ಟೂ ಚುರುಕಾಗುತ್ತದೆ. ಆಮೇಲಿನದು ನಿಧಾನದ ಹಂತ, ಅದು ಇನ್ಸುಲಿನ್ ಹಿಡಿತದಲ್ಲಿರುತ್ತದೆ. ಆದರೆ ಆಗಲೂ ಸ್ನಾಯು ಇನ್ಸುಲಿನ್‌ಗೆ ಮಾಮೂಲಿಗಿಂತ ಹೆಚ್ಚು ಸ್ಪಂದಿಸುತ್ತದೆ. ಈ ಗುಣ ಒಂದೆರಡು ದಿನ ಉಳಿಯುತ್ತದೆ.

ಅರ್ಧ ಗಂಟೆಯ ಭಯದ ಬೇರು ಇರುವುದು ಇಲ್ಲಿಯೇ. 1988ರಲ್ಲಿ ಜಾನ್ ಐವಿ ಮತ್ತು ಸಂಗಡಿಗರು ಸೈಕಲ್ ಸವಾರರಿಗೆ 70 ನಿಮಿಷದ ವ್ಯಾಯಾಮದ ಬಳಿಕ ದೇಹತೂಕದ ಪ್ರತಿ ಕಿಲೋಗೆ 2 ಗ್ರಾಂ ಕಾರ್ಬೋಹೈಡ್ರೇಟ್ ಕೊಟ್ಟರು, ಒಮ್ಮೆ ತಕ್ಷಣ, ಇನ್ನೊಮ್ಮೆ ಎರಡು ಗಂಟೆ ತಡವಾಗಿ. ತಡವಾದಾಗ ಗ್ಲೈಕೋಜನ್ ತುಂಬುವ ವೇಗ ಸರಿಸುಮಾರು ಅರ್ಧಕ್ಕೆ ಇಳಿಯಿತು. ಪ್ರಚಾರಕ್ಕೆ ಬಂದದ್ದು ಈ ಅಂಕಿಯೊಂದೇ. ಒಂಬತ್ತು ವರ್ಷದ ನಂತರ, 1997ರಲ್ಲಿ, ಆಸ್ಟ್ರೇಲಿಯಾದ ಸಂಶೋಧಕರು ಇದೇ ಎರಡು ಗಂಟೆಯ ತಡವನ್ನು 8 ಮತ್ತು 24 ಗಂಟೆಗಳ ಬಳಿಕ ಅಳೆದರು. ಒಟ್ಟು ತಿಂದದ್ದು ಸಮನಾಗಿದ್ದಾಗ ಮೊದಲು ತಿಂದವರಿಗೂ ತಡವಾಗಿ ತಿಂದವರಿಗೂ ವ್ಯತ್ಯಾಸ ಉಳಿದಿರಲಿಲ್ಲ. ಮೊದಲ ಪ್ರಯೋಗ ನೋಡಿದ್ದು ತುಂಬುವ ವೇಗವನ್ನು, ಎರಡನೆಯದು ಕೊನೆಗೆ ತುಂಬಿದ ಮಟ್ಟವನ್ನು. ಓಟದಲ್ಲಿ ಬೇಗ ಹೊರಟವನೂ ತಡವಾಗಿ ಹೊರಟವನೂ ಗುರಿ ಮುಟ್ಟಲು ಇಡೀ ದಿನದ ಅವಕಾಶವಿದ್ದರೆ ಹೊರಟ ಹೊತ್ತಿಗೆ ಬೆಲೆಯಿಲ್ಲ.

ಅವಕಾಶ ಇಲ್ಲದವರೂ ಇದ್ದಾರೆ. ಬೆಳಿಗ್ಗೆ ಪಂದ್ಯ ಆಡಿ ಸಂಜೆ ಮತ್ತೆ ಕಣಕ್ಕಿಳಿಯುವವರು, ದಿನಕ್ಕೆರಡು ಬಾರಿ ಈಜುವವರು, ಸಾಲು ಹಂತಗಳ ಸೈಕಲ್ ರೇಸಿನವರು. ಬರಿದಾದ ಗ್ಲೈಕೋಜನ್ ಗಂಟೆಗೆ ಶೇ. 5ರಿಂದ 7ರಷ್ಟು ಮಾತ್ರ ತುಂಬುವುದರಿಂದ ಪೂರ್ತಿಯಾಗಲು 20ರಿಂದ 24 ಗಂಟೆ ಬೇಕು. ಎರಡು ಶ್ರಮದ ನಡುವೆ ಎಂಟು ಗಂಟೆಗಿಂತ ಕಡಿಮೆ ಇದ್ದರೆ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಕ್ರೀಡಾ ಪೋಷಣೆಯವರು ಒಪ್ಪಿರುವ ಪ್ರಮಾಣ, ಮೊದಲ ನಾಲ್ಕು ಗಂಟೆ, ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ. 70 ಕಿಲೋ ತೂಗುವವರಿಗೆ ಇದು ಗಂಟೆಗೆ 70ರಿಂದ 84 ಗ್ರಾಂ. ಒಂದೇ ಸಲಕ್ಕೆ ನುಂಗದೆ 15ರಿಂದ 30 ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ತೆಗೆದುಕೊಂಡರೆ ಹೊಟ್ಟೆಗೂ ಹಗುರ.

ಬೇಯಿಸಿದ 250 ಗ್ರಾಂ ಅನ್ನದಲ್ಲಿ, ಅಥವಾ 350 ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ 70 ಗ್ರಾಂ ಸಿಗುತ್ತದೆ. ಮಧ್ಯಮ ಗಾತ್ರದ ಎರಡು ಬಾಳೆಹಣ್ಣು ಮತ್ತು ಅರ್ಧ ಲೀಟರ್ ಹಾಲು ಸೇರಿದರೆ 75 ಗ್ರಾಂ ದಾಟುತ್ತದೆ, ಜೊತೆಗೆ 18–19 ಗ್ರಾಂ ಪ್ರೋಟೀನ್. ಈ ನಾಲ್ಕು ಗಂಟೆಯಲ್ಲಿ ನಾರು ಮತ್ತು ಎಣ್ಣೆ ಹೆಚ್ಚಿರುವ ತಿನಿಸು ಬೇಡ. ಅವು ಕೆಟ್ಟವೆಂದಲ್ಲ; ಹೊಟ್ಟೆ ಬೇಗ ತುಂಬಿ, ತಿನ್ನಬೇಕಾದಷ್ಟು ತಿನ್ನಲಾಗುವುದಿಲ್ಲ. ಬೇರೆ ದಿನಗಳಲ್ಲಿ ಮೂಗು ಮುರಿಯುವ ಬಿಳಿ ಅನ್ನಕ್ಕೂ ಬಿಳಿ ಬ್ರೆಡ್ಡಿಗೂ ಇಲ್ಲಿ ಮಾತ್ರ ಅಗ್ರಸ್ಥಾನ. ಗ್ಲೂಕೋಸ್ ಜೊತೆ ಸ್ವಲ್ಪ ಫ್ರಕ್ಟೋಸ್, ಅಂದರೆ ಹಣ್ಣು ಅಥವಾ ಮಾಮೂಲಿ ಸಕ್ಕರೆ, ಇದ್ದರೆ ಯಕೃತ್ತಿನ ದಾಸ್ತಾನು ಬೇಗ ತುಂಬುತ್ತದೆ, ಹೊಟ್ಟೆಯುಬ್ಬರವೂ ಕಡಿಮೆ.

ಇನ್ನು ಜಿಮ್ಮಿನಲ್ಲಿ ಭಾರ ಎತ್ತುವವರ ಸಂಗತಿ. ಹಲವು ಸೆಟ್‌ಗಳ ವ್ಯಾಯಾಮದಲ್ಲಿ ದುಡಿದ ಸ್ನಾಯುವಿನ ಗ್ಲೈಕೋಜನ್ ಇಳಿಯುವುದು ಸುಮಾರು ಶೇ. 25ರಿಂದ 40. ತೊಟ್ಟಿ ಬರಿದಾಗುವುದಿಲ್ಲ. ಅದೇ ಸ್ನಾಯುವಿನ ಸರದಿ ಮತ್ತೆ ಬರುವುದು ಎರಡು ಮೂರು ದಿನದ ಮೇಲೆ. ಆದ್ದರಿಂದ ಬಾರ್ಬೆಲ್ ಇಳಿಸಿದೊಡನೆ ಮಾಲ್ಟೋಡೆಕ್ಸ್‌ಟ್ರಿನ್ ಎಂಬ, ಬೇಗ ಜೀರ್ಣವಾಗುವ ಕಾರ್ಬೋಹೈಡ್ರೇಟ್ ಪುಡಿ ಕದಡಿ ಕುಡಿಯುವ ಅಗತ್ಯ ಇವರಿಗಿಲ್ಲ. ದಿನದ ಮೊತ್ತ ಸರಿಯಿದ್ದರೆ ಸಾಕು: ವಾರಕ್ಕೆ ಮೂರು ನಾಲ್ಕು ದಿನ ಹಗುರದಿಂದ ಮಧ್ಯಮ ಕಸರತ್ತು ಮಾಡುವವರಿಗೆ ಪ್ರತಿ ಕಿಲೋಗೆ 3ರಿಂದ 5 ಗ್ರಾಂ, ದಿನವೂ ಒಂದು ಗಂಟೆ ಚೆನ್ನಾಗಿ ದಣಿಯುವವರಿಗೆ 5ರಿಂದ 7, ಎರಡು ಮೂರು ಗಂಟೆಯ ಸಹನಶಕ್ತಿ ತರಬೇತಿಯವರಿಗೆ 6ರಿಂದ 10.

ದುರಸ್ತಿಯ ಗಡಿಯಾರ

ಭಾರ ಎತ್ತಿದ ಮೇಲೆ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ಕೆಲಸವೂ ಏರುತ್ತದೆ, ಒಡೆಯುವ ಕೆಲಸವೂ ಏರುತ್ತದೆ. ಖಾಲಿ ಹೊಟ್ಟೆಯಲ್ಲಿ ಒಡೆಯುವುದರ ಕೈ ಮೇಲು. ಎಷ್ಟೇ ದುಡಿದರೂ ನಿವ್ವಳ ನಷ್ಟ. ತಿಂದ ಪ್ರೋಟೀನ್ ಒಡೆದು ಸಿಗುವ ಅಮೈನೋ ಆಮ್ಲಗಳು ರಕ್ತಕ್ಕೆ ಬಂದಾಗಷ್ಟೇ ತಕ್ಕಡಿ ಲಾಭದ ಕಡೆ ವಾಲುತ್ತದೆ. ಹಾಗಾದರೆ ಬೇಗ ತಿನ್ನಬೇಕಲ್ಲವೇ? ಈ ಅವಕಾಶ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಮುಖ್ಯ. 1997ರಲ್ಲಿ ಸ್ಟುವರ್ಟ್ ಫಿಲಿಪ್ಸ್ ಮತ್ತು ಸಹೋದ್ಯೋಗಿಗಳು ಅಳೆದಾಗ ಸ್ನಾಯು ಕಟ್ಟುವ ವೇಗ ವ್ಯಾಯಾಮವಾಗಿ 3 ಗಂಟೆಗೆ ಶೇ. 112ರಷ್ಟು, 24 ಗಂಟೆಗೆ ಶೇ. 65ರಷ್ಟು, 48 ಗಂಟೆಗೂ ಶೇ. 34ರಷ್ಟು ಹೆಚ್ಚಿತ್ತು. ವರ್ಷಗಟ್ಟಲೆ ಪಳಗಿದವರಲ್ಲಿ ಇದು ಬೇಗ ಇಳಿಯುತ್ತದೆ, ಆದರೂ ಅರ್ಧ ಗಂಟೆಗೆ ಮುಚ್ಚುವ ಕಿಟಕಿ ಇದಲ್ಲ. ಒಂದು ದಿನಕ್ಕೂ ಮೀರಿ ತೆರೆದಿರುವ ಬಾಗಿಲು.

2013ರಲ್ಲಿ ಬ್ರಾಡ್ ಶೋನ್‌ಫೆಲ್ಡ್, ಅಲನ್ ಆರಗಾನ್, ಜೇಮ್ಸ್ ಕ್ರೀಗರ್ ಆವರೆಗಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಮೇಲ್ನೋಟಕ್ಕೆ ವ್ಯಾಯಾಮದ ಆಸುಪಾಸಿನಲ್ಲಿ ಪ್ರೋಟೀನ್ ತೆಗೆದುಕೊಂಡವರ ಸ್ನಾಯು ಹೆಚ್ಚು ಬೆಳೆದಂತೆ ಕಂಡಿತು. ಆದರೆ ಹಾಗೆ ತೆಗೆದುಕೊಂಡವರು ದಿನದ ಒಟ್ಟು ಪ್ರೋಟೀನನ್ನೂ ಹೆಚ್ಚು ತಿಂದಿದ್ದರು; ಆ ಒಟ್ಟು ಮೊತ್ತವನ್ನು ಲೆಕ್ಕಕ್ಕೆ ಹಿಡಿದೊಡನೆ ಸಮಯದ ಮಹಿಮೆ ಮಾಯವಾಯಿತು. ಶೇಕ್ ಕೆಲಸ ಮಾಡಿದ್ದು ನಿಜ, ಅದು ಸಕಾಲಕ್ಕೆ ಬಂದದ್ದರಿಂದಲ್ಲ, ಹೆಚ್ಚುವರಿಯಾಗಿ ಬಂದದ್ದರಿಂದ. ಆ ದಿನದ ಮೊತ್ತ ಎಷ್ಟಿರಬೇಕು? 49 ಪ್ರಯೋಗಗಳ 1,863 ಜನರ ಮಾಹಿತಿ ಜೋಡಿಸಿದ 2018ರ ವಿಶ್ಲೇಷಣೆಯ ಪ್ರಕಾರ ದಿನಕ್ಕೆ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂವರೆಗೆ ಲಾಭ ಏರುತ್ತ ಹೋಗಿ ಅಲ್ಲಿಂದ ಮುಂದೆ ಸಪಾಟಾಗುತ್ತದೆ. ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸ ಇರುವುದರಿಂದ 2.2ರವರೆಗೆ ಹೋಗುವುದರಲ್ಲಿ ತಪ್ಪಿಲ್ಲ, ಅದರಾಚೆ ಹೋಗಲು ಕಾರಣವಿಲ್ಲ. ತೂಕ ಇಳಿಸುವ ಹಟದಲ್ಲಿ ಊಟ ಕಡಿಮೆ ಮಾಡಿರುವವರು ಮಾತ್ರ ಈ ಮೇಲಿನ ತುದಿಯನ್ನೇ ಹಿಡಿಯಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಯಾವ ಅಂಕಿಯೂ ಅನ್ವಯಿಸದು, ಅವರ ಮಿತಿಯನ್ನು ವೈದ್ಯರೇ ಹೇಳಬೇಕು.

ಒಂದು ಸಲಕ್ಕೆ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಹದಿನೈದು ವರ್ಷದಲ್ಲಿ ಎರಡು ಬಾರಿ ಬದಲಾಗಿದೆ. 2009ರಲ್ಲಿ ಕಾಲಿನ ವ್ಯಾಯಾಮ ಮಾಡಿದ ಯುವಕರಿಗೆ ಮೊಟ್ಟೆಯ ಪ್ರೋಟೀನ್ ಕೊಟ್ಟು ನೋಡಿದಾಗ 20 ಗ್ರಾಂಗೆ ಏರಿಕೆ ನಿಂತಂತೆ ಕಂಡಿತು. 40 ಗ್ರಾಂ ಕೊಟ್ಟಾಗ ಇಂಧನವಾಗಿ ಉರಿದುಹೋಗುವ ಪಾಲು ಹೆಚ್ಚಿತು. ‘ದೇಹ ಒಮ್ಮೆಗೆ 20 ಗ್ರಾಂ ಮಾತ್ರ ಹೀರುತ್ತದೆ’ ಎಂಬ ಮಾತಿಗೆ ಬಲ ಬಂದದ್ದು ಇದರಿಂದ. ಇಲ್ಲಿ ಹೀರುವುದಕ್ಕೂ ಸ್ನಾಯು ಕಟ್ಟುವುದಕ್ಕೂ ಗೊಂದಲವಾಗಿದೆ, ತಿಂದ ಪ್ರೋಟೀನನ್ನು ಕರುಳು ಬಹುಪಾಲು ಹೀರಿಯೇ ಹೀರುತ್ತದೆ. 2016ರಲ್ಲಿ ಇಡೀ ಮೈಯ ವ್ಯಾಯಾಮದ ನಂತರ ಅಳೆದಾಗ ಹಾಲಿನ ತಿಳಿಯಿಂದ ತೆಗೆಯುವ ವೇ ಪ್ರೋಟೀನ್ 40 ಗ್ರಾಂ ಕೊಟ್ಟಾಗ 20 ಗ್ರಾಂಗಿಂತ ಸುಮಾರು ಶೇ. 20ರಷ್ಟು ಹೆಚ್ಚು ಫಲ ಕೊಟ್ಟಿತು. 2023ರ ಕೊನೆಗೆ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನ ಯಾರ್ನ್ ಟ್ರೊಮ್ಮೆಲೆನ್ ತಂಡ 100 ಗ್ರಾಂ ಹಾಲಿನ ಪ್ರೋಟೀನನ್ನು ಒಮ್ಮೆಗೇ ಕುಡಿಸಿ ಹನ್ನೆರಡು ಗಂಟೆ ಹಿಂಬಾಲಿಸಿತು. 25 ಗ್ರಾಂನ ಪರಿಣಾಮ ಬೇಗ ಇಳಿಯಿತು, 100 ಗ್ರಾಂನದು ಗಂಟೆಗಟ್ಟಲೆ ಮುಂದುವರಿಯಿತು. ಮೊದಲಿನ ಪ್ರಯೋಗಗಳು ನಾಲ್ಕೈದು ಗಂಟೆಗೆ ಕೈ ತೊಳೆದುಕೊಂಡದ್ದರಿಂದ ಇದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಇದರರ್ಥ ದಿನದ ಪ್ರೋಟೀನನ್ನೆಲ್ಲ ರಾತ್ರಿಯೂಟಕ್ಕೆ ಗುಡ್ಡೆ ಹಾಕಿ ಎಂದಲ್ಲ. ಹೊಟ್ಟೆಗೂ ನಾಲಿಗೆಗೂ ಹಂಚಿ ತಿನ್ನುವುದೇ ಸುಲಭ. ಊಟಕ್ಕೆ ಪ್ರತಿ ಕಿಲೋಗೆ 0.3ರಿಂದ 0.4 ಗ್ರಾಂ ಎಂದು ಹಿಡಿದು ದಿನಕ್ಕೆ ನಾಲ್ಕು ಸಲ ತಿಂದರೆ 1.2ರಿಂದ 1.6 ಗ್ರಾಂ ತಾನಾಗಿಯೇ ಆಗುತ್ತದೆ. 70 ಕಿಲೋದವರಿಗೆ ಊಟಕ್ಕೆ 21ರಿಂದ 28 ಗ್ರಾಂ. ಅರವತ್ತು ದಾಟಿದವರ ಸ್ನಾಯು ಪ್ರೋಟೀನಿಗೆ ಮಂದವಾಗಿ ಸ್ಪಂದಿಸುವುದರಿಂದ ಅವರು 0.4ಕ್ಕಿಂತ ಕೆಳಗಿಳಿಯಬಾರದು. ವಯಸ್ಸಾದವರಿಗೆ ಊಟ ಕಡಿಮೆ ಸಾಕು ಎಂದುಕೊಳ್ಳುವವರು ಈ ವಿಷಯದಲ್ಲಿ ತೀರ ತಲೆಕೆಳಗು.

ಬೆರೆಸಿದರೆ ಹೆಚ್ಚೇನು?

ಪ್ರೋಟೀನ್ ಜೊತೆ ಸಕ್ಕರೆ ಬೆರೆಸಿದರೆ ಇನ್ಸುಲಿನ್ ಏರಿ ಸ್ನಾಯು ಬೇಗ ಬೆಳೆಯುತ್ತದೆ ಎಂಬುದು ಹಳೆಯ ನಂಬಿಕೆ. ಇನ್ಸುಲಿನ್ ಸ್ನಾಯು ಒಡೆಯುವುದನ್ನು ತಡೆಯುವುದು ಹೌದು, ಆದರೆ ಅದಕ್ಕೆ ಬೇಕಾದ ಮಟ್ಟ ಬಹಳ ಕಡಿಮೆ. ಪ್ರೋಟೀನ್ ಊಟವೊಂದೇ ಅಷ್ಟನ್ನು ಏರಿಸುತ್ತದೆ. 2011ರ ಒಂದು ಪ್ರಯೋಗದಲ್ಲಿ 25 ಗ್ರಾಂ ವೇ ಒಂದನ್ನೇ ಕುಡಿದವರಿಗೂ ಅದರ ಮೇಲೆ 50 ಗ್ರಾಂ ಮಾಲ್ಟೋಡೆಕ್ಸ್‌ಟ್ರಿನ್ ಬೆರೆಸಿ ಕುಡಿದವರಿಗೂ ಸ್ನಾಯು ಕಟ್ಟುವುದರಲ್ಲಿ ವ್ಯತ್ಯಾಸ ಬರಲಿಲ್ಲ. ಪ್ರೋಟೀನ್ ಸಾಕಷ್ಟಿದ್ದಾಗ ಕಾರ್ಬೋಹೈಡ್ರೇಟ್ ಅದಕ್ಕೆ ಊರುಗೋಲಲ್ಲ.

ಇದೇ ಸಂಬಂಧವನ್ನು ತಿರುವಿ ನೋಡಿದರೆ ಕಥೆ ಬೇರೆ. ಗಂಟೆಗೆ ಕಿಲೋಗೆ 1.2 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನಲಾಗದಿದ್ದರೆ 0.8 ಗ್ರಾಂ ಕಾರ್ಬೋಹೈಡ್ರೇಟ್ ಮತ್ತು 0.4 ಗ್ರಾಂ ಪ್ರೋಟೀನ್ ಸೇರಿಸಿದರೂ ಗ್ಲೈಕೋಜನ್ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ತುಂಬುತ್ತದೆ. 2000ದಲ್ಲಿ ಲುಕ್ ವಾನ್ ಲೂನ್ ಬಳಗ ಇದನ್ನು ತೋರಿಸಿತು. ಕಾರ್ಬೋಹೈಡ್ರೇಟ್ ಮೊದಲೇ 1.2 ಮುಟ್ಟಿದ್ದರೆ ಪ್ರೋಟೀನಿನಿಂದ ವೇಗ ಮತ್ತೆ ಏರುವುದಿಲ್ಲ. ಓಡಿ ಬಂದ ಮೇಲೆ ಹಸಿವೇ ಇಲ್ಲ ಎನ್ನುವವರಿಗೆ ಈ ಅಡ್ಡದಾರಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಪೌಡರ್ ಡಬ್ಬಿಗಳ ಮೇಲೆ ಮಿಂಚುವ 3:1, 4:1 ಎಂಬ ಕಾರ್ಬೋಹೈಡ್ರೇಟ್–ಪ್ರೋಟೀನ್ ಅನುಪಾತಗಳು ಹುಟ್ಟಿದ್ದು ದೀರ್ಘಕಾಲ ಸೈಕಲ್ ತುಳಿಯುವವರ ಅಧ್ಯಯನಗಳ ನೆರಳಿನಲ್ಲಿ. ಅನುಪಾತಕ್ಕೆ ನಿಮ್ಮ ತೂಕ ಗೊತ್ತಿಲ್ಲ, ನೀವು ಮಾಡಿದ್ದು ಎಂಥ ವ್ಯಾಯಾಮ ಎಂಬುದೂ ಗೊತ್ತಿಲ್ಲ. 55 ಕಿಲೋ ತೂಗುವ, ನಲವತ್ತು ನಿಮಿಷ ಡಂಬೆಲ್ ಎತ್ತಿದ ವ್ಯಕ್ತಿ 25 ಗ್ರಾಂ ಪ್ರೋಟೀನಿಗೆ 100 ಗ್ರಾಂ ಸಕ್ಕರೆ ಕುಡಿದರೆ ಸುಮಾರು 500 ಕ್ಯಾಲರಿ ಒಳಹೋಯಿತು. ಖರ್ಚಾದದ್ದು ಅದರ ಅರ್ಧವೂ ಇರಲಾರದು. ಗ್ರಾಂಗಳಲ್ಲಿ ಲೆಕ್ಕ ಹಾಕಿ, ಅನುಪಾತವನ್ನು ಡಬ್ಬಿಗೇ ಬಿಡಿ.

ಎಲ್ಲಿ ಎಡವುತ್ತಾರೆ

ನಿಜವಾಗಿ ಬೇಗ ತಿನ್ನಬೇಕಾದವರು ಇನ್ನೊಂದು ಗುಂಪಿನವರಿದ್ದಾರೆ: ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡುವವರು. ರಾತ್ರಿ ಎಂಟಕ್ಕೆ ಉಂಡು ಬೆಳಗ್ಗೆ ಆರಕ್ಕೆ ಭಾರ ಎತ್ತಿದರೆ ಪ್ರೋಟೀನ್ ಇಲ್ಲದೆ ಹತ್ತು ಗಂಟೆ ಕಳೆದಿರುತ್ತದೆ. ಆಮೇಲೆ ಬರೀ ಕಾಫಿ ಕುಡಿದು ಮಧ್ಯಾಹ್ನದವರೆಗೆ ತಳ್ಳಿದರೆ ಹದಿನಾರು ಗಂಟೆ ನಷ್ಟದ ಖಾತೆಯಲ್ಲೇ ಹೋಯಿತು. ಇವರು ಒಂದು ಗಂಟೆಯೊಳಗೆ 25–30 ಗ್ರಾಂ ಪ್ರೋಟೀನ್ ಇರುವ ತಿಂಡಿ ತಿನ್ನಬೇಕು. ಸಂಜೆ ಐದಕ್ಕೆ ವ್ಯಾಯಾಮ ಮಾಡುವವರು ಎರಡೂವರೆಗೆ ಚೆನ್ನಾಗಿ ಉಂಡಿದ್ದರೆ ಆ ಊಟದ ಅಮೈನೋ ಆಮ್ಲಗಳು ಇನ್ನೂ ರಕ್ತದಲ್ಲಿ ಹರಿಯುತ್ತಿರುತ್ತವೆ, ಅವರು ಮನೆಗೆ ಹೋಗಿ ನಿಧಾನವಾಗಿ ಊಟ ಮಾಡಲಿ.

ಅಳತೆಯಲ್ಲಿ ಆಗುವ ತಪ್ಪುಗಳೂ ಕಡಿಮೆಯಿಲ್ಲ. ‘ಎರಡು ಮೊಟ್ಟೆ ತಿಂದೆ’ ಎಂದರೆ 12–13 ಗ್ರಾಂ ಆಯಿತು, ಒಂದು ಊಟದ ಅರ್ಧ ಪಾಲು. 250 ಮಿಲಿ ಹಾಲಿನಲ್ಲಿ ಸುಮಾರು 8 ಗ್ರಾಂ, ಬೇಯಿಸಿದ 100 ಗ್ರಾಂ ಕೋಳಿ ಎದೆಮಾಂಸದಲ್ಲಿ 30ರ ಆಸುಪಾಸು. ಬೇಯಿಸಿದ 100 ಗ್ರಾಂ ಬೇಳೆಯಲ್ಲಿ 9 ಗ್ರಾಂ ಪ್ರೋಟೀನ್ ಇದ್ದರೆ ಕಾರ್ಬೋಹೈಡ್ರೇಟ್ 20 ಗ್ರಾಂ. ಅದನ್ನು ಪ್ರೋಟೀನ್ ಎಂದಷ್ಟೇ ಎಣಿಸುವುದು ಲೆಕ್ಕ ತಪ್ಪಿಸುತ್ತದೆ. ಮಾಂಸ, ಮೊಟ್ಟೆ ಬಿಟ್ಟವರು ಹತಾಶರಾಗಬೇಕಿಲ್ಲ. ಸ್ನಾಯು ಕಟ್ಟುವ ಯಂತ್ರಕ್ಕೆ ಕೀಲಿ ಕೊಡುವ ಲ್ಯೂಸಿನ್ ಎಂಬ ಅಮೈನೋ ಆಮ್ಲ ವೇ ಪ್ರೋಟೀನಿನಲ್ಲಿ ಶೇ. 10ಕ್ಕೂ ಮಿಕ್ಕಿದೆ, ಸೋಯಾದಲ್ಲಿ ಶೇ. 8ರ ಹತ್ತಿರ. ಊಟದ ಪ್ರಮಾಣವನ್ನು 5–10 ಗ್ರಾಂ ಏರಿಸಿ, ಸೋಯಾ, ಬೇಳೆ, ಧಾನ್ಯ, ಹಾಲು ಬೆರೆಸಿ ತಿಂದರೆ ಅಂತರ ತುಂಬುತ್ತದೆ. ಮೊಟ್ಟೆಯ ಹಳದಿ ಎಸೆಯುವ ಚಾಳಿಯನ್ನೂ ಬಿಡಬಹುದು: 2017ರ ಪ್ರಯೋಗದಲ್ಲಿ 18 ಗ್ರಾಂ ಪ್ರೋಟೀನ್ ಇಡೀ ಮೊಟ್ಟೆಯಿಂದ ಬಂದಾಗ ಬರೀ ಬಿಳಿಯಿಂದ ಬಂದಾಗಿನದಕ್ಕಿಂತ ಸ್ನಾಯು ಕಟ್ಟುವ ವೇಗ ಹೆಚ್ಚಿತ್ತು.

ಪೌಡರ್ ಕೊಳ್ಳುವವರು ಒಂದು ಚಮಚದ ತೂಕಕ್ಕೂ ಅದರೊಳಗಿನ ಪ್ರೋಟೀನಿಗೂ ವ್ಯತ್ಯಾಸ ಗಮನಿಸಬೇಕು. 30 ಗ್ರಾಂ ಪುಡಿಯಲ್ಲಿ 22–25 ಗ್ರಾಂ ಇದ್ದರೆ ಸರಿ, 15 ಇದ್ದರೆ ಉಳಿದದ್ದು ಸಕ್ಕರೆ ಮತ್ತು ಪರಿಮಳ. ಪ್ರೋಟೀನ್ ಅಳೆಯುವ ಮಾಮೂಲಿ ವಿಧಾನ ನಿಜಕ್ಕೂ ಎಣಿಸುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಸಾರಜನಕವಿರುವ ಅಗ್ಗದ ಗ್ಲೈಸಿನ್, ಟಾರಿನ್ ಸುರಿದರೂ ಅಂಕಿ ಏರುತ್ತದೆ. ಪದಾರ್ಥಗಳ ಪಟ್ಟಿಯಲ್ಲಿ ಇವು ಬೇರೆಯಾಗಿ ಕಂಡರೆ ಅನುಮಾನಿಸಿ. ಇನ್ನು ಬಿಸಿಎಎ ಎಂಬ ಅಮೈನೋ ಆಮ್ಲಗಳ ಪುಡಿ: ಸ್ನಾಯುವಿನ ಗೋಡೆ ಕಟ್ಟಲು ಒಂಬತ್ತು ಬಗೆಯ ಅಮೈನೋ ಆಮ್ಲದ ಇಟ್ಟಿಗೆ ಹೊರಗಿನಿಂದ ಬರಬೇಕು, ಇದರಲ್ಲಿರುವುದು ಮೂರೇ ಬಗೆ. ಪೂರ್ತಿ ಪ್ರೋಟೀನ್ ತಿನ್ನುವವರಿಗೆ ಅದು ದಂಡ.

ಕಾರ್ಬೋಹೈಡ್ರೇಟ್ ಬಿಟ್ಟವರನ್ನು ಮೋಸಗೊಳಿಸುವುದು ತೂಕದ ಯಂತ್ರ. ಒಂದು ಗ್ರಾಂ ಗ್ಲೈಕೋಜನ್ ಕೂಡಿಡುವಾಗ ಸುಮಾರು 3 ಗ್ರಾಂ ನೀರೂ ಜೊತೆಗೆ ನಿಲ್ಲುತ್ತದೆ. 300 ಗ್ರಾಂ ಗ್ಲೈಕೋಜನ್ ಇಳಿದರೆ ಒಂದು ಕಿಲೋಗಿಂತ ಹೆಚ್ಚು ತೂಕ ಇಳಿಯಿತು, ಕೊಬ್ಬು ಒಂದು ಚೂರೂ ಕರಗದೆ. ಮತ್ತೆ ಅನ್ನ ತಿಂದ ಮಾರನೆಯ ದಿನ ಏರುವುದೂ ಇದೇ ನೀರು. ಅಷ್ಟರಲ್ಲಿ ಕೊನೆಯ ಸೆಟ್‌ಗಳಲ್ಲಿ ಕೈ ಸೋಲತೊಡಗಿರುತ್ತದೆ, ಎತ್ತುವ ಒಟ್ಟು ಭಾರ ವಾರದಿಂದ ವಾರಕ್ಕೆ ಕುಸಿಯುತ್ತದೆ.

ಬೆವರಿನ ಲೆಕ್ಕವೂ ಊಟದ ಲೆಕ್ಕದ ಭಾಗವೇ. ವ್ಯಾಯಾಮದ ಮೊದಲು ಮತ್ತು ನಂತರ ತೂಗಿ ನೋಡಿ. ಇಳಿದ ಪ್ರತಿ ಕಿಲೋಗೆ 1.25ರಿಂದ 1.5 ಲೀಟರ್ ನೀರು, ಒಂದೆರಡು ಗಂಟೆಗಳಲ್ಲಿ ಹಂಚಿಕೊಂಡು. ಊಟದಲ್ಲಿ ಉಪ್ಪಿದ್ದರೆ ನೀರು ಮೈಯಲ್ಲಿ ನಿಲ್ಲುತ್ತದೆ, ಇಲ್ಲದಿದ್ದರೆ ಶೌಚಾಲಯದ ದಾರಿ ಹಿಡಿಯುತ್ತದೆ. ಪಂದ್ಯ ಗೆದ್ದ ಸಂಭ್ರಮದ ಮದ್ಯದ ಬಗ್ಗೆ ಒಂದು ಅಂಕಿ ಸಾಕು: 2014ರ ಅಧ್ಯಯನವೊಂದರಲ್ಲಿ ವ್ಯಾಯಾಮದ ನಂತರ ವಿಪರೀತ ಕುಡಿದವರಲ್ಲಿ, ಪ್ರೋಟೀನ್ ತೆಗೆದುಕೊಂಡಿದ್ದರೂ, ಸ್ನಾಯು ಕಟ್ಟುವ ವೇಗ ಶೇ. 24ರಷ್ಟು ಕುಗ್ಗಿತ್ತು.

ಮೈಕೈ ನೋವನ್ನು ಚೇತರಿಕೆಯ ಮಾಪಕ ಮಾಡಿಕೊಳ್ಳುವುದು ಕೊನೆಯ ತಪ್ಪು. ಭಾರವನ್ನು ಇಳಿಸುವಾಗ, ಇಳಿಜಾರಿನಲ್ಲಿ ಓಡುವಾಗ ಸ್ನಾಯು ಹಿಗ್ಗುತ್ತಲೇ ಬಿಗಿ ಹಿಡಿಯಬೇಕಾಗುತ್ತದೆ. ಹೊಸ ವ್ಯಾಯಾಮದ ನಂತರ 24ರಿಂದ 72 ಗಂಟೆಗಳ ನಡುವೆ ಹೆಚ್ಚಾಗುವ ನೋವಿಗೆ ಮುಖ್ಯ ಕಾರಣ ಅದು. ಎಷ್ಟು ಪ್ರೋಟೀನ್ ಕುಡಿದರೂ ನೋವು ಬಂದೇ ಬರುತ್ತದೆ, ಅಭ್ಯಾಸವಾದಂತೆ ಊಟ ಬದಲಾಗದಿದ್ದರೂ ತಾನಾಗಿ ತಗ್ಗುತ್ತದೆ. ಇಂಥ ಪೆಟ್ಟು ತಿಂದ ಸ್ನಾಯುವಿನಲ್ಲಿ ಗ್ಲೈಕೋಜನ್ ತುಂಬುವುದೂ ಒಂದೆರಡು ದಿನ ನಿಧಾನ, ಆದ್ದರಿಂದ ಕಾಲು ಜುಂ ಎನ್ನುವ ದಿನಗಳಲ್ಲಿ ಊಟದ ಕಾರ್ಬೋಹೈಡ್ರೇಟ್ ಕಡಿತ ಮಾಡಬಾರದು. ಊಟ ಸರಿಹೋಗುತ್ತಿದೆಯೇ ಎಂದು ತಿಳಿಯಲು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಸಾಕು: ಹೋದ ವಾರ ಇದೇ ಭಾರಕ್ಕೆ ಎಷ್ಟು ಬಾರಿ ಎತ್ತಿದಿರಿ, ಈ ವಾರ ಎಷ್ಟು. ಮೊದಲ ಸೆಟ್‌ನಲ್ಲೇ ಸಂಖ್ಯೆ ಇಳಿದಿದ್ದರೆ ನಿದ್ದೆ, ವಿಶ್ರಾಂತಿ ಮತ್ತು ಒಟ್ಟು ಊಟ ನೋಡಿಕೊಳ್ಳಿ. ಮೊದಲ ಸೆಟ್ ಚೆನ್ನಾಗಿದ್ದು ನಾಲ್ಕನೆಯದರಲ್ಲಿ ಕೈಕೊಟ್ಟರೆ ಹಿಂದಿನ ದಿನದ ಅನ್ನದ ಪ್ರಮಾಣ ನೋಡಿ.